ಸೂರಿಗೆ ಮೊದಲು ಭೇಟಿ: ತಲ್ಲೂರು ಸೀಮೆಯಲ್ಲಿ ಮನೆಯಿಲ್ಲದವರ ಸೇವೆ

ಮನೆಯಿಲ್ಲದವರು ಎಂದಾಗ ಮುಂಬೈಯ ಫುಟ್‌ಪಾತೋ ಬೆಂಗಳೂರಿನ ಮೇಲ್ಸೇತುವೆಯ ಅಡಿಯೋ ನೆನಪಾಗುತ್ತದೆ. ಕುಂದಾಪುರ ತಾಲೂಕಿನ ತಲ್ಲೂರು, ಹೆಮ್ಮಾಡಿ, ಹಟ್ಟಿಯಂಗಡಿ, ಉಪ್ಪಿನಕುದ್ರುಗಳಲ್ಲಿ ಅಂಥ ನೋಟ ಅಪರೂಪ. ಅದರಿಂದಲೇ ನಮ್ಮ ಕಡೆ ಮನೆಯಿಲ್ಲದವರಿಲ್ಲ ಎಂದು ನಂಬುವುದು ಸುಲಭವಾಗಿದೆ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಸೂರಿಲ್ಲದವರಿದ್ದಾರೆ ಎಂದು ಲೆಕ್ಕ ಹಾಕಿತು. ರಸ್ತೆಬದಿ, ರೈಲು ನಿಲ್ದಾಣ, ದೇವಸ್ಥಾನದ ಜಗಲಿ, ಸಿಮೆಂಟ್ ಕೊಳವೆ ಮುಂತಾದ ಕಡೆ ಬಯಲಲ್ಲೇ ಬದುಕುವವರು ಮಾತ್ರ ಆ ಲೆಕ್ಕಕ್ಕೆ ಸೇರುತ್ತಾರೆ. ಮಣ್ಣಿನ ಗೋಡೆಯ ಮೇಲೆ ಟರ್ಪಾಲು ಹೊದಿಸಿಕೊಂಡ ಕುಟುಂಬ ಸೇರುವುದಿಲ್ಲ. ಇನ್ನೊಬ್ಬರ ಜಾಗದಲ್ಲಿ ಅವರ ಮರ್ಜಿಯಿಂದ ಗುಡಿಸಲು ಕಟ್ಟಿಕೊಂಡವರು, ಪಾಲಾಗದ ಕುಟುಂಬದ ಮನೆಯ ಹಿಂಬದಿಯ ಕೋಣೆಯೊಂದರಲ್ಲಿ ಮಕ್ಕಳನ್ನು ಕಟ್ಟಿಕೊಂಡು ದಿನ ದೂಡುವ ವಿಧವೆ, ಸರಕಾರಿ ಜಾಗದಲ್ಲಿ ಹಕ್ಕುಪತ್ರವಿಲ್ಲದೆ ಕೂತವರು, ಇವರ್ಯಾರೂ ಸೇರುವುದಿಲ್ಲ. ಲೆಕ್ಕಕ್ಕೆ ಸಿಗದ ಈ ಕುಟುಂಬಗಳ ಸೇವೆಯಲ್ಲಿ ನಮ್ಮ ಕರಾವಳಿಯ ಧರ್ಮಸಂಸ್ಥೆಗಳು ಏನು ಮಾಡಿದವು, ಯಾವುದರಲ್ಲಿ ಗೆದ್ದವು ಎಂದು ನೋಡಿದರೆ ನನಗೆ ಒಂದು ಮಾತು ಖಚಿತವಾಗಿ ಕಾಣುತ್ತದೆ. ಕಲ್ಲು, ಹಂಚು, ಸಿಮೆಂಟ್ ಒದಗಿಸಿದ್ದು ಆ ಸೇವೆಯ ಅರ್ಧಭಾಗ ಮಾತ್ರ. ಉಳಿದರ್ಧ, ಹೆಚ್ಚು ಕಷ್ಟದ ಅರ್ಧ, ಮನೆಬಾಗಿಲಿಗೆ ಹೋಗಿ ನೋಡಿ ಕೂತು ಮಾತಾಡಿ ಮತ್ತೆ ಮತ್ತೆ ಹೋಗುವುದು. ಈ ಭೇಟಿಯನ್ನು ಬಿಡದೆ ನಡೆಸಿದ ಸಂಸ್ಥೆಗಳ ಕೊಡುಗೆ ಉಳಿದಿದೆ.

ಇಲ್ಲಿನ ಮನೆಯಿಲ್ಲದಿರುವಿಕೆಗೆ ಇಲ್ಲಿಯದೇ ಕಾರಣಗಳಿವೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಗೇಣಿಯ ಜಿಲ್ಲೆ. ಮೂಲಗೇಣಿ, ಚಾಲಗೇಣಿಗಳ ಮೇಲೆ ಇಡೀ ಬೇಸಾಯ ನಿಂತಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾನೂನಿನಿಂದ ಈ ಜಿಲ್ಲೆಯ ಗೇಣಿದಾರರು ಭೂಮಿಯ ಒಡೆಯರಾದರು. ಈ ನಾಡಿನ ಸಾಮಾಜಿಕ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಘಟನೆ ವಿರಳ. ಆದರೆ ಅರ್ಜಿ ಹಾಕಬೇಕಾದರೆ ಗೇಣಿದಾರನಾಗಿರಬೇಕಿತ್ತು. ಗೇಣಿದಾರನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೆ, ದೋಣಿ ದಾಟಿಸುತ್ತಿದ್ದವರಿಗೆ, ಹಂಚಿನ ಕಾರ್ಖಾನೆಗೆ ಆವೆಮಣ್ಣು ಹೊರುತ್ತಿದ್ದವರಿಗೆ ಹೇಳಿಕೊಳ್ಳಲು ಗದ್ದೆಯೇ ಇರಲಿಲ್ಲ. ಕೃಷಿ ಕೂಲಿಗಾರರು ವಾಸವಿದ್ದ ಮನೆಯಡಿಯ ನೆಲ ಅವರಿಗೇ ಸೇರಬೇಕೆಂದು ಕಾನೂನಿನಲ್ಲಿ ಅವಕಾಶವಿತ್ತು. ಅದನ್ನು ಕೇಳಿ ಪಡೆಯಲು ಅಕ್ಷರ ಬೇಕಿತ್ತು, ಧೈರ್ಯ ಬೇಕಿತ್ತು, ಜೊತೆಗೆ ಬರುವ ಒಬ್ಬರು ಬೇಕಿತ್ತು. ದೇವರಾಜ ಅರಸರ ಕಾಲದ ಜನತಾ ಮನೆಗಳು, ಆಮೇಲಿನ ಐದು ಸೆಂಟ್ಸ್ ಕಾಲನಿಗಳು ಅನೇಕರನ್ನು ತಲುಪಿದವು. ತಲುಪದವರು ಹಾಡಿಯ ಅಂಚಿನಲ್ಲಿ, ಹೊಳೆಯ ದಂಡೆಯಲ್ಲಿ, ಧಣಿಗಳ ಬೇಲಿಯ ಪಕ್ಕದಲ್ಲಿ ಉಳಿದರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನೆಲ ಇದು. ಮಡಲಿನ ಮಾಡನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸಬೇಕು. ಹೊದಿಸುವ ಹೊತ್ತಿಗೆ ಮನೆಯ ಗಂಡಸು ಹಾಸಿಗೆ ಹಿಡಿದಿದ್ದರೆ ಜೂನ್ ತಿಂಗಳಲ್ಲಿ ಗೋಡೆ ನೆನೆದು ಕುಸಿಯುತ್ತದೆ. ಬಡತನದಿಂದ ಮನೆಯಿಲ್ಲದ ಸ್ಥಿತಿಗೆ ಬೀಳಲು ಇಲ್ಲಿ ಒಂದೇ ಮಳೆಗಾಲ ಸಾಕು.

ತಲ್ಲೂರಿನ ಇಗರ್ಜಿ ಅಸಿಸಿಯ ಸಂತ ಫ್ರಾನ್ಸಿಸರ ಹೆಸರಿನದು. ದಯಾಕಾರ್ಯಗಳ ಕ್ರೈಸ್ತ ಪರಂಪರೆಯನ್ನು ಇಲ್ಲಿ ನೆನೆಯುವಾಗ ಅವರಿಂದ ಶುರುಮಾಡುವುದು ಸಹಜ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ಪರದೇಶಿಗೆ ಆಶ್ರಯ, ರೋಗಿಯ ಹಾಗೂ ಸೆರೆಯಲ್ಲಿದ್ದವರ ಭೇಟಿ, ಈ ಆರು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಿಂದ ಬಂದವು. ಸತ್ತವರನ್ನು ಮಣ್ಣುಮಾಡುವುದು ತೋಬಿತನ ಕಥೆಯಿಂದ ಸೇರಿ ಏಳಾದವು. ಇವುಗಳಲ್ಲಿ ಆಶ್ರಯ ಕೊಡುವುದೊಂದಕ್ಕೆ ಮಾತ್ರ ಕೊಡುವವನು ತನ್ನ ಜಾಗದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ರಿವೊತೊರ್ತೊ ಎಂಬಲ್ಲಿ ಫ್ರಾನ್ಸಿಸರೂ ಸಂಗಡಿಗರೂ ಇಕ್ಕಟ್ಟಾದ ಗುಡಿಸಲೊಂದರಲ್ಲಿ ವಾಸವಿದ್ದಾಗ ರೈತನೊಬ್ಬ ತನ್ನ ಕತ್ತೆಯೊಂದಿಗೆ ಒಳನುಗ್ಗಿದ. ಫ್ರಾನ್ಸಿಸರು ಜಗಳಕ್ಕೆ ನಿಲ್ಲದೆ ಗುಡಿಸಲು ಬಿಟ್ಟು ಹೊರಟರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳಿದ್ದಾರೆ. 1226ರಲ್ಲಿ ತೀರಿಕೊಂಡ ಆ ಸಂತನ ಮರಣಕ್ಕೆ 2026ಕ್ಕೆ 800 ವರ್ಷ. ನಮ್ಮ ಸೀಮೆಗೆ ಇನ್ನೂ ಹತ್ತಿರದವರು ಸಂತ ಜೋಸೆಫ್ ವಾಜ್. 1681ರಲ್ಲಿ ಕೆನರಾ ಮಿಶನ್ನಿನ ಹೊಣೆ ಹೊತ್ತು ಬಂದು ಕುಂದಾಪುರ, ಗಂಗೊಳ್ಳಿ ಸೇರಿದಂತೆ ಈ ಕರಾವಳಿಯಲ್ಲಿ ಓಡಾಡಿದ ಅವರು ಮುಂದೆ ಸಿಂಹಳಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಬಿಟ್ಟುಹೋದವರಿಗೆ ಗುಡಿಸಲು ಕಟ್ಟಿ ಆರೈಕೆ ಮಾಡಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಇಲ್ಲಿನ ಇಗರ್ಜಿಗಳಲ್ಲಿ ಹಬ್ಬವಾಯಿತು. ಇನ್ನೊಂದು ನೆನಪೂ ಈ ಸಮುದಾಯಕ್ಕಿದೆ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದು ಬದುಕುಳಿದು ಮರಳಿದ ಕರಾವಳಿಯ ಕ್ರೈಸ್ತರಿಗೆ ತಮ್ಮ ಮನೆ ಗದ್ದೆಗಳು ಬೇರೆಯವರ ಕೈಯಲ್ಲಿದ್ದುದು ಕಂಡಿತು. ಮನೆ ಕಳೆದುಕೊಂಡು ನಿಂತ ಕುಟುಂಬಗಳ ವಂಶಸ್ಥರು ಮನೆಯಿಲ್ಲದವರ ಬಗ್ಗೆ ಉದಾಸೀನರಾಗಿರಲು ಬರುವುದಿಲ್ಲ.

ಆದರೆ ಕರುಣೆ ವ್ಯಕ್ತಿಯೊಂದಿಗೆ ಮುಗಿಯದೆ ಮುಂದುವರಿಯಲು ಸಂಸ್ಥೆ ಬೇಕು. ಅದನ್ನು ತೋರಿಸಿದವರು ಸಂತ ವಿನ್ಸೆಂಟ್ ದಿ ಪಾವ್ಲ್. 1643ರಲ್ಲಿ ಫ್ರಾನ್ಸಿನ ರಾಜ 13ನೇ ಲೂಯಿ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಹಣದಿಂದ ಪ್ಯಾರಿಸಿನಲ್ಲಿ 13 ಸಣ್ಣ ಮನೆಗಳನ್ನು ಕಟ್ಟಿಸಿ, ಬೀದಿಯಲ್ಲಿ ಬಿಟ್ಟುಹೋದ ಕೂಸುಗಳ ಆರೈಕೆಗೆ ಕೊಟ್ಟರು. ಆ ನೆನಪಿನಲ್ಲಿ ವಿನ್ಸೆಂಟರ ಹೆಸರಿನ ಸಂಸ್ಥೆಗಳೆಲ್ಲ ಸೇರಿ 2018ರಲ್ಲಿ ಜಗತ್ತಿನಾದ್ಯಂತ ಮನೆಯಿಲ್ಲದವರಿಗಾಗಿ 13 ಮನೆಗಳ ಅಭಿಯಾನ ಹೂಡಿದವು. ಅವರ ಹೆಸರಿನ ಸಭೆ ಹುಟ್ಟಿದ್ದು 1833ರ ಏಪ್ರಿಲ್ 23ರಂದು, ಅದೇ ಪ್ಯಾರಿಸಿನಲ್ಲಿ. ಅಂದು ಇಪ್ಪತ್ತು ತುಂಬಿದ ಫ್ರೆಡರಿಕ್ ಓಝನಾಮ್ ಮತ್ತು ಕೆಲವು ಗೆಳೆಯರು ಕೂಡಿ ಕಟ್ಟಿದ ಸಣ್ಣ ಕೂಟ ಅದು. ಕಾಲೇಜಿನ ಹುಡುಗರಾದ ಅವರಿಗೆ ಬಡವರ ಪರಿಚಯವಿರಲಿಲ್ಲ. ಮುಫ್ತಾರ್ ಬೀದಿಯ ಸುತ್ತಿನ ಬಡ ಕುಟುಂಬಗಳನ್ನು ಬೆರಳ ತುದಿಯಲ್ಲಿ ತಿಳಿದಿದ್ದ ಸಿಸ್ಟರ್ ರೊಸಾಲಿ ರೆಂದು ಅವರಿಗೆ ಮನೆಗಳ ದಾರಿ ತೋರಿಸಿ, ಹೇಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂಬುದನ್ನು ಕಲಿಸಿದರು. ಈ ಕಲಿಕೆಯೇ ಸಭೆಯ ಬೆನ್ನೆಲುಬಾಯಿತು. 1863ರಲ್ಲಿ ಕೋಲ್ಕತ್ತದ ಮೂಲಕ ಭಾರತಕ್ಕೆ ಬಂದ ಸಭೆ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಬೇರೂರಿದಾಗಲೂ ಕ್ರಮ ಬದಲಾಗಲಿಲ್ಲ. ಘಟಕದ ಸದಸ್ಯರು ನಿಯಮಿತವಾಗಿ ಕೂಡುತ್ತಾರೆ. ಪ್ರಾರ್ಥನೆಯ ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ. ಒಳಗೆ ಕೈ ಹಾಕಿದವರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ದತ್ತು ತೆಗೆದುಕೊಂಡ ಕುಟುಂಬಕ್ಕೆ ಇಬ್ಬಿಬ್ಬರಾಗಿ ಹೋಗಿ ಬಂದು ಮುಂದಿನ ಕೂಟದಲ್ಲಿ ವರದಿ ಒಪ್ಪಿಸುತ್ತಾರೆ. ನಮ್ಮಲ್ಲಿ ಇಗರ್ಜಿಯ ಒಂದೊಂದು ವಾಡೆಗೆ (ವಾರ್ಡಿಗೆ) ಗುರ್ಕಾರರೆಂಬ ಮುಖಂಡರಿರುವ ಹಳೆಯ ವ್ಯವಸ್ಥೆಯೂ ಇರುವುದರಿಂದ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮಾಡು ಸೋರುತ್ತಿದೆ ಎಂಬ ಸುದ್ದಿ ಸಭೆಗೆ ಬೇಗ ಮುಟ್ಟುತ್ತದೆ. ಅಕ್ಕಿ, ಔಷಧಿ, ಶಾಲೆಯ ಫೀಸುಗಳಿಂದ ಶುರುವಾದ ನಂಟು ಬಹಳ ಸಲ ಮನೆ ದುರಸ್ತಿಗೆ, ಕೊನೆಗೆ ಹೊಸ ಮನೆಗೆ ಹೋಗಿ ನಿಲ್ಲುತ್ತದೆ. ಹೊಸ ಮನೆ ಕಟ್ಟಿಸುವುದು ಸಭೆಯ ಆರಂಭದ ಉದ್ದೇಶವಾಗಿರಲಿಲ್ಲ. ಮತ್ತೆ ಮತ್ತೆ ಹೋಗಿ ಬಂದ ಕಣ್ಣಿಗೆ ಅದು ಅನಿವಾರ್ಯವಾಗಿ ಕಂಡಿತು.

ಇದು ಕಥೊಲಿಕರ ಅನುಭವ ಮಾತ್ರ ಆಗಿದ್ದರೆ ನನ್ನ ವಾದಕ್ಕೆ ಬಲ ಕಡಿಮೆ. ಬೇರೆ ಬೇರೆ ನಂಬಿಕೆಯ ಜನ ಬೇರೆ ಬೇರೆ ಕಾಲದಲ್ಲಿ ಅದೇ ತಿಳಿವಿಗೆ ಬಂದಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರನ್ನು ಸೇರಿದವರಿಗೆ ಮನೆಯೂ ಹೋಯಿತು, ಮನೆತನದ ಕಸುಬೂ ಹೋಯಿತು. ಅವರಿಗೆ ಸೂರು ಕೊಟ್ಟರೆ ಸಾಲದು, ಹೊಟ್ಟೆಪಾಡೂ ಬೇಕೆಂದು ಅರಿತು ಮಿಶನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ನಮ್ಮ ಮನೆಗಳ ಮೇಲಿರುವ ಮಂಗಳೂರು ಹಂಚಿನ ಹಿಂದೆ ಮನೆ ಕಳೆದುಕೊಂಡವರ ಕಥೆಯೂ ಇದೆ ಎಂಬುದನ್ನು ಮರೆಯಬಾರದು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಗೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಅವರ ಮುಖ್ಯ ಕೆಲಸ ಶಾಲೆ. ಆದರೆ ನೆಲೆಯಿಲ್ಲದ ಮನೆಯಿಂದ ಮಗು ಶಾಲೆಗೆ ಬರಲಾರದು ಎಂದು ಕಂಡು ಜಾಗ ಒದಗಿಸಿ ಕಾಲನಿಗಳನ್ನು ಮಾಡಿದರು. ಸ್ವಜಾತಿಯ ಬಹಿಷ್ಕಾರವನ್ನೂ ಉಂಡರು. ನಮ್ಮ ಕಾಲದ ಉದಾಹರಣೆ ಉಡುಪಿಯ ಯಕ್ಷಗಾನ ಕಲಾರಂಗ. 1975ರಲ್ಲಿ ಹುಟ್ಟಿದ ಈ ಸಂಸ್ಥೆಯ ಹೆಸರು ಕೇಳಿದರೆ ಮನೆ ಕಟ್ಟಿಸುವ ಕೆಲಸ ಯಾರಿಗೂ ನೆನಪಾಗದು. 2005ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ವಿದ್ಯಾಪೋಷಕ್ ಯೋಜನೆ ಆರಂಭಿಸಿದಾಗ ಅವರು ಒಂದು ಕ್ರಮ ಇಟ್ಟುಕೊಂಡರು. ಅರ್ಜಿ ಹಾಕಿದ ಮಕ್ಕಳ ಮನೆಗೆ ಕಾರ್ಯಕರ್ತರೇ ಹೋಗಿ ನೋಡಿ ಬರುವುದು. ಹೋದವರಿಗೆ ಒಳ್ಳೆಯ ಅಂಕದ ಹಿಂದೆ ಕರೆಂಟಿಲ್ಲದ, ಬಾಗಿಲಿಲ್ಲದ, ಮಾಡಿಲ್ಲದ ಮನೆಗಳು ಕಂಡವು. ದಾನಿಗಳನ್ನು ಹುಡುಕಿ ಮನೆ ಕಟ್ಟಿಸಿಕೊಡುವ ಕೆಲಸ ಅಲ್ಲಿಂದ ಬೆಳೆಯಿತು. ಕುಂದಾಪುರ, ಬೈಂದೂರು ಕಡೆಯ ಹಳ್ಳಿಗಳಲ್ಲೂ ಆ ಮನೆಗಳು ನಿಂತಿವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ವಾತ್ಸಲ್ಯ ಕಾರ್ಯಕ್ರಮದಲ್ಲಿ ನಿರ್ಗತಿಕರಿಗೆ ಕಟ್ಟಿಸುವ ಮನೆಗಳೂ ಊರೂರಿನ ಸೇವಾಪ್ರತಿನಿಧಿಗಳು ನೋಡಿ ಗುರುತಿಸಿದ ಕುಟುಂಬಗಳಿಗೆ ಸಲ್ಲುತ್ತವೆ. ಎಲ್ಲಿಯೂ ಮೊದಲಿಗೆ ಯಾರೋ ಒಬ್ಬರು ಹೊಸಿಲು ದಾಟಿ ಒಳಗೆ ಹೋಗಿದ್ದಾರೆ.

ಭೇಟಿಯ ಬೆಲೆ ನಿಜವಾಗಿ ತಿಳಿಯುವುದು ಕಾಗದಪತ್ರದ ಹಂತದಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಸಹಾಯಧನವಿದೆ. ಅದು ತಳಪಾಯ, ಗೋಡೆ, ಮಾಡು ಎಂದು ಹಂತಹಂತವಾಗಿ ಬರುತ್ತದೆ. ಅಂದರೆ ಮೊದಲ ಕಲ್ಲಿಡಲು ಕೈಯಲ್ಲಿ ದುಡ್ಡಿರಬೇಕು. ಅದಕ್ಕೂ ಮೊದಲು ಜಾಗ ತನ್ನದೆಂದು ತೋರಿಸಬೇಕು. ಪಂಚಾಯತಿನಲ್ಲಿ ಜನ ‘ನೈನ್ ಇಲೆವೆನ್’ ಎಂದು ಕರೆಯುವ ನಮೂನೆ 9 ಮತ್ತು 11 ಆಗಬೇಕು. ಸರಕಾರಿ ಜಾಗದಲ್ಲಿ ಮನೆಯಿದ್ದರೆ ಅದನ್ನು ಸಕ್ರಮ ಮಾಡಿಸಲು ಭೂಕಂದಾಯ ಕಾಯ್ದೆಯ 94ಸಿಯಡಿ ಅರ್ಜಿ ಕೊಟ್ಟು ತಾಲೂಕು ಕಚೇರಿಗೆ ಅಲೆಯಬೇಕು. ಆ ಜಾಗ ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿದ್ದರೆ ಅರ್ಜಿ ಅಲ್ಲೇ ನಿಂತಿತು. ಪಂಚಗಂಗಾವಳಿಯ ನೀರು ಸುತ್ತುವರಿದ ಕುದ್ರುಗಳಲ್ಲಿ, ಹೊಳೆಯ ದಂಡೆಯಲ್ಲಿ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ ಅಡ್ಡ ಬರುತ್ತದೆ. ಕುಟುಂಬದ ಆಸ್ತಿಯಾಗಿದ್ದರೆ ಮುಂಬೈಯಲ್ಲಿರುವ ಪಾಲುದಾರನ ಸಹಿ ಬೇಕು. ಮನೆ ನಂಬ್ರವಿಲ್ಲದೆ ಕರೆಂಟಿಲ್ಲ, ರೇಷನ್ ಕಾರ್ಡಿಗೂ ತೊಡಕು. ಇಷ್ಟೆಲ್ಲದರ ನಡುವೆ ಬೀಡಿ ಕಟ್ಟಿಯೋ ಗೇರುಬೀಜ ಸುಲಿದೋ ದಿನದ ಸಂಬಳ ತರುವ ಹೆಂಗಸು ಎಷ್ಟು ದಿನ ಕೆಲಸ ಬಿಟ್ಟು ಕಚೇರಿಗೆ ಹೋದಾಳು? ಸಿಮೆಂಟಿನ ದಾನಿ ಈ ಹಂತದಲ್ಲಿ ಅವಳಿಗೆ ಉಪಯೋಗಕ್ಕೆ ಬರುವುದಿಲ್ಲ. ಅವಳ ಮನೆ ನೋಡಿದ, ಅವಳ ಹೆಸರಿನ ಫೈಲು ಎಲ್ಲಿದೆ ಎಂದು ತಿಳಿದ, ಪಿಡಿಒ ಎದುರು ಅವಳ ಪಕ್ಕ ಕುರ್ಚಿಯಲ್ಲಿ ಕೂರಬಲ್ಲ ಮನುಷ್ಯ ಉಪಯೋಗಕ್ಕೆ ಬರುತ್ತಾನೆ. ದಯಾಕಾರ್ಯಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಇಂದಿನ ಕುಂದಾಪುರ ತಾಲೂಕಿನಲ್ಲಿ ಆಶ್ರಯ ಕೊಡುವುದೆಂದರೆ ಬಹುಪಾಲು ಇದೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಮನೆ ಪ್ರಜೆಯ ಹಕ್ಕು. ಧರ್ಮಸಂಸ್ಥೆಗಳು ಅದನ್ನು ದಾನವೆಂದು ಕೊಟ್ಟರೆ ಸರಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತದೆ, ಹಕ್ಕು ಕೇಳಬೇಕಾದವನು ಕೈಮುಗಿದು ನಿಲ್ಲುತ್ತಾನೆ ಎಂಬುದು ಆ ಆಕ್ಷೇಪ. ಇದನ್ನು ಎಡಪಂಥದವರ ಮಾತೆಂದು ತಳ್ಳಿಹಾಕುವುದು ತಪ್ಪು. ಸುಪ್ರೀಂ ಕೋರ್ಟ್ 1995ರ ಚಮೇಲಿ ಸಿಂಗ್ ಪ್ರಕರಣದಲ್ಲಿ ವಸತಿಯ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನಲ್ಲಿಯೇ ಅಡಗಿದೆ ಎಂದಿದೆ. ಓಝನಾಮ್ ಕೂಡ ದಯೆಯೊಂದೇ ಸಾಲದು, ನ್ಯಾಯವೂ ಬೇಕೆಂದು 1848ರ ಕ್ರಾಂತಿಯ ದಿನಗಳಲ್ಲಿ ವಾದಿಸಿದವರು. ಆಕ್ಷೇಪದ ಮೊದಲ ಭಾಗವನ್ನು ನಾನು ಒಪ್ಪುತ್ತೇನೆ. ಹಕ್ಕಿನ ಕಾಗದವಿಲ್ಲದೆ ದಾನದ ಮನೆ ಕಟ್ಟಿ ಕೈತೊಳೆದುಕೊಂಡರೆ ಆ ಕುಟುಂಬವನ್ನು ಇನ್ನೊಬ್ಬರ ಮರ್ಜಿಯಲ್ಲೇ ಬಿಟ್ಟಂತಾಗುತ್ತದೆ. ಆದರೆ ಹಕ್ಕು ಇದ್ದಮಾತ್ರಕ್ಕೆ ಅದು ಹಾಡಿಯ ಅಂಚಿನ ಗುಡಿಸಲಿಗೆ ತಾನಾಗಿ ನಡೆದು ಬರುವುದಿಲ್ಲ. 1974ರ ಕಾನೂನಿನ ಅವಕಾಶವಿದ್ದೂ ಕೂಲಿಗಾರರ ಎಷ್ಟೋ ಮನೆಯಡಿ ಜಾಗಗಳು ಕೈತಪ್ಪಿದ್ದು ಅರ್ಜಿ ಬರೆದುಕೊಡುವವರಿಲ್ಲದೆ. ಬಾಗಿಲಿಗೆ ಹೋಗುವ ಸೇವೆ ಹಕ್ಕಿನ ಜಾಗ ಕಿತ್ತುಕೊಳ್ಳುವುದಿಲ್ಲ, ಹಕ್ಕನ್ನು ಬಾಗಿಲವರೆಗೆ ಮುಟ್ಟಿಸುತ್ತದೆ. ಸರಕಾರದ 1.20 ಲಕ್ಷಕ್ಕೆ ಸಭೆಯ, ದಾನಿಗಳ, ನೆರೆಹೊರೆಯವರ ಶ್ರಮದಾನದ ಪಾಲು ಸೇರಿ ಮನೆ ಏಳುವುದೇ ನನಗೆ ಹೆಚ್ಚು ಸರಿಯಾಗಿ ಕಾಣುತ್ತದೆ. ಪೂರ್ತಿ ದಾನದ ಮನೆಗಿಂತ ಅಂಥ ಮನೆಯಲ್ಲಿ ಕುಟುಂಬದ ತಲೆ ಎತ್ತರದಲ್ಲಿರುತ್ತದೆ.

ಎರಡನೆಯ ಆಕ್ಷೇಪ ಉದ್ದೇಶದ್ದು. ಧರ್ಮಸಂಸ್ಥೆಯ ಸೇವೆಯ ಹಿಂದೆ ಮತ ಬೆಳೆಸುವ ಆಸೆ ಇದೆಯೆಂದು ಕೆಲವರು, ತಮ್ಮವರಿಗೆ ಮಾತ್ರ ಮಾಡುತ್ತಾರೆಂದು ಇನ್ನು ಕೆಲವರು ಹೇಳುತ್ತಾರೆ. ವಿನ್ಸೆಂಟ್ ಸಭೆಯ ನಿಯಮ ಜಾತಿ ಮತ ನೋಡದೆ ನೆರವಾಗಬೇಕೆಂದೇ ಹೇಳುತ್ತದೆ. ನಿಯಮಕ್ಕಿಂತ ನಡೆ ಮುಖ್ಯ. ಘಟಕವೊಂದು ದತ್ತು ತೆಗೆದುಕೊಂಡ ಕುಟುಂಬಗಳಲ್ಲಿ ಊರಿನ ಎಲ್ಲ ಜಾತಿಯ ಬಡವರೂ ಇದ್ದಾರೆಯೇ ಎಂಬುದೊಂದೇ ಈ ಸಂಶಯಕ್ಕೆ ತಕ್ಕ ಉತ್ತರ. ಇದ್ದರೆ ವಾದ ಬೇಕಿಲ್ಲ. ಇಲ್ಲದಿದ್ದರೆ ಸಂಶಯ ಪಡುವವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಇದಕ್ಕೆ ಹತ್ತಿರದ ಇನ್ನೊಂದು ದೋಷವಿದೆ, ಅದು ಎಲ್ಲ ಮತದ ಸಂಸ್ಥೆಗಳಿಗೂ ಅಂಟಿದೆ. ಕೀ ಹಸ್ತಾಂತರದ ಸಭೆ, ಫ್ಲೆಕ್ಸ್, ವೇದಿಕೆಯ ಮೇಲೆ ಮನೆಯೊಡತಿಯನ್ನು ನಿಲ್ಲಿಸಿ ತೆಗೆಯುವ ಫೋಟೊ, ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು. ದಾನಿಗಳಿಗೆ ಲೆಕ್ಕ ಕೊಡಬೇಕು, ಇನ್ನೊಬ್ಬರಿಗೆ ಪ್ರೇರಣೆಯಾಗಬೇಕು ಎಂಬ ಕಾರಣ ಸುಳ್ಳಲ್ಲ. ಆದರೂ ಆ ಮನೆಯ ಮಗಳು ನಾಳೆ ಕಾಲೇಜಿಗೆ ಹೋಗುವವಳು. ತನ್ನ ಮನೆಯ ಬಡತನ ಊರಿನ ವಾಟ್ಸಾಪಿನಲ್ಲಿ ಸುತ್ತುವುದನ್ನು ಅವಳು ನೋಡಬೇಕಾಗುತ್ತದೆ. ಕೊಟ್ಟವರ ಹೆಸರು ಪಕ್ಕದವರಿಗೂ ತಿಳಿಯಬಾರದೆಂದು ಚೀಲ ಸುತ್ತಿಸುವ ಪರಂಪರೆ ಪಡೆದವರ ಹೆಸರನ್ನೂ ಅಷ್ಟೇ ಜತನದಿಂದ ಕಾಯಬೇಕು. ಲೆಕ್ಕವನ್ನು ಲೆಕ್ಕಪತ್ರದಲ್ಲಿ ಕೊಡಬಹುದು.

ಒಂದು ಮನೆಗೆ ಹಾಕುವ ಹಣದಲ್ಲಿ ನೂರು ಮನೆಗೆ ಅಕ್ಕಿ ಹಂಚಬಹುದಲ್ಲ ಎನ್ನುವವರೂ ಇದ್ದಾರೆ. ಅಕ್ಕಿಯನ್ನು ಇಂದು ಪಡಿತರ ಅಂಗಡಿ ಕೊಡುತ್ತದೆ. ಸೋರುವ ಮಾಡಿನಡಿ ಅಕ್ಕಿ ಮುಗ್ಗಲಾಗುತ್ತದೆ, ಪುಸ್ತಕ ಒದ್ದೆಯಾಗುತ್ತದೆ, ಅಸ್ತಮಾದ ಮಗು ಆಸ್ಪತ್ರೆ ಸೇರುತ್ತದೆ, ಹೆಣ್ಣುಮಕ್ಕಳಿಗೆ ರಾತ್ರಿಯ ಹೊತ್ತು ಚಿಲಕ ಹಾಕಲು ಬಾಗಿಲಿರುವುದಿಲ್ಲ. ಬೇರೆಲ್ಲ ನೆರವೂ ಉಳಿಯಬೇಕಾದರೆ ಮೊದಲು ಮಾಡು ಬೇಕು ಎಂದು ವಿದ್ಯಾರ್ಥಿವೇತನದಿಂದ ಹೊರಟ ಕಲಾರಂಗದವರೂ ಶಾಲೆಯಿಂದ ಹೊರಟ ರಂಗರಾಯರೂ ಕಂಡುಕೊಂಡರಲ್ಲ. ಕೊಟ್ಟ ಮನೆಯನ್ನು ಮಾರಿದರು, ಕುಡಿತಕ್ಕೆ ಅಡವಿಟ್ಟರು, ಅಣ್ಣತಮ್ಮಂದಿರು ಜಗಳ ತೆಗೆದರು ಎಂಬ ದೂರುಗಳೂ ಕೇಳುತ್ತವೆ. ಅಂಥವು ನಡೆಯುವುದುಂಟು. ಅವು ಹೆಚ್ಚಾಗಿ ನಡೆಯುವುದು ಕೀ ಕೊಟ್ಟ ದಿನವೇ ಸಂಬಂಧ ಮುಗಿದ ಕಡೆ. ವರ್ಷಕ್ಕೆ ನಾಲ್ಕು ಸಲ ಯಾರಾದರೂ ಬಂದು ಚಾ ಕುಡಿದು ಹೋಗುವ ಮನೆಯನ್ನು ಮಾರಲು ಹಿಂದೆಮುಂದೆ ನೋಡುತ್ತಾರೆ. ಹಕ್ಕುಪತ್ರವನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿದರೆ ಇನ್ನಷ್ಟು ಭದ್ರ.

ಹಳೆಯ ಭೇಟಿಯ ದಾರಿ ಇನ್ನೂ ಮುಟ್ಟದ ಒಂದು ಜಾಗವಿದೆ. ಹೆದ್ದಾರಿ 66 ಅಗಲವಾದ ಮೇಲೆ, ಕುಂದಾಪುರದ ಸುತ್ತ ಕಟ್ಟಡಗಳು ಎದ್ದ ಮೇಲೆ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದಲೂ ಉತ್ತರ ಭಾರತದಿಂದಲೂ ಬಂದ ಕೂಲಿ ಕುಟುಂಬಗಳು ಶೀಟಿನ ಶೆಡ್ಡುಗಳಲ್ಲಿ ಇವೆ. ಕಲ್ಲು ಹೊತ್ತು ನಮ್ಮ ಮನೆಗಳನ್ನು ಕಟ್ಟುವವರು ಅವರೇ. ಅವರ ಹೆಸರು ಇಲ್ಲಿನ ಪಂಚಾಯತಿನ ನಿವೇಶನರಹಿತರ ಪಟ್ಟಿಯಲ್ಲಿ ಇರುವುದಿಲ್ಲ, ಗುರ್ಕಾರರ ವಾಡೆಯ ಪುಸ್ತಕದಲ್ಲೂ ಇರುವುದಿಲ್ಲ. ಪರದೇಶಿಗೆ ಆಶ್ರಯ ಎಂಬ ಮಾತು ಮೊದಲು ಅನ್ವಯಿಸಬೇಕಾದದ್ದು ಅವರಿಗೆ. ಅವರಿಗೆ ಇಲ್ಲಿ ಮನೆ ಕಟ್ಟಿಸಿಕೊಡುವುದು ನಮ್ಮ ಸಂಸ್ಥೆಗಳ ಶಕ್ತಿಗೆ ಮೀರಿದ್ದು, ಅವರೂ ಅದನ್ನು ಕೇಳುತ್ತಿಲ್ಲ. ಶೌಚಾಲಯ, ಕುಡಿಯುವ ನೀರು, ಮಕ್ಕಳಿಗೆ ಅಂಗನವಾಡಿ, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು, ಮಳೆಗಾಲದ ರಾತ್ರಿ ಶೆಡ್ಡು ಹಾರಿದರೆ ತಂಗಲು ಒಂದು ಸಭಾಭವನ, ಇಷ್ಟು ಕೈಗೆಟಕುವ ಕೆಲಸ.

ಇದನ್ನು ಓದುವವರಲ್ಲಿ ಹಲವರಿಗೆ ಜಾಗವಿದೆ, ಕೆಲವರಿಗೆ ಗಲ್ಫಿನಲ್ಲೋ ಮುಂಬೈಯಲ್ಲೋ ದುಡಿದ ಹಣವಿದೆ, ನಿವೃತ್ತರಾದ ಶಿಕ್ಷಕರಿಗೆ ಬ್ಯಾಂಕಿನವರಿಗೆ ಸಮಯವಿದೆ. ಐದು ಸೆಂಟ್ಸ್ ಬಿಟ್ಟುಕೊಡಬಲ್ಲವರು ಬಾಯಿಮಾತಿನಲ್ಲಿ ಬಿಡದೆ ರಿಜಿಸ್ಟರ್ ಮಾಡಿಸಿ ಕೊಡಲಿ. ಹಣ ಕೊಡುವವರು ಕಲ್ಲಿಗೆ ಕೊಡುವುದರ ಜೊತೆಗೆ ಸರ್ವೆಯ, ಕಾಗದದ ಖರ್ಚಿಗೂ ಕೊಡಲಿ. ಸಮಯವಿದ್ದವರು ವಿನ್ಸೆಂಟ್ ಸಭೆಯ ಘಟಕವನ್ನೋ ತಮ್ಮ ಊರಿನ ಇಂಥದೇ ಬೇರೊಂದು ಸಂಸ್ಥೆಯನ್ನೋ ಸೇರಿ, ಮುಂದಿನ ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲೇ, ತಮ್ಮ ವಾಡೆಯಲ್ಲಿ ಮಾಡು ಗಟ್ಟಿಯಿಲ್ಲದ ಪ್ರತಿಯೊಂದು ಮನೆಗೆ ಒಮ್ಮೆ ಹೋಗಿ ಬರಲಿ.